ಕಸ ಬೇಡವೆಂದರೆ ಚಿನ್ನವೂ ಇಲ್ಲ!
ಲೋಹಶೋಧಕ ಯಂತ್ರದ 'ಡಿಸ್‌ಕ್ರಿಮಿನೇಷನ್' ಹಿಂದಿನ ಲೆಕ್ಕಾಚಾರ

1992ರ ನವೆಂಬರ್ 16. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಾಕ್ಸನ್ ಗ್ರಾಮದ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡಿದ್ದ. ಅದನ್ನು ಹುಡುಕಿಕೊಡಲು ಲೋಹಶೋಧಕ ಯಂತ್ರದೊಂದಿಗೆ ಹೊರಟ ಸ್ನೇಹಿತ ಎರಿಕ್ ಲಾಸ್ ಅವರಿಗೆ ಸಿಕ್ಕಿದ್ದು ರೋಮನ್ ಕಾಲದ ನಿಧಿ. ಚಿನ್ನದ ಆಭರಣ, ಬೆಳ್ಳಿಯ ಚಮಚಗಳ ಜೊತೆಗೆ ಒಟ್ಟು 14,865 ನಾಣ್ಯಗಳು ಅಲ್ಲಿ ದೊರೆತವು. ಬಳಿಕ ಸುತ್ತಿಗೆಯೂ ಪತ್ತೆಯಾಗಿ, ನಿಧಿಯೊಂದಿಗೇ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಎಲ್ಲರಿಗೂ ಇಂಥ ಅದೃಷ್ಟ ಒಲಿಯುವುದಿಲ್ಲ. ಲೋಹಶೋಧಕ ಹಿಡಿದು ಉದ್ಯಾನ, ಕಡಲತೀರಗಳಲ್ಲಿ ಅಲೆಯುವ ಹವ್ಯಾಸಿಗಳಿಗೆ ಹೆಚ್ಚಾಗಿ ಸಿಗುವುದು ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿಯ ಮುಚ್ಚಳ ಮತ್ತು ಸಿಗರೇಟ್ ಪ್ಯಾಕಿನ ಹಾಳೆ. ಈ ಕಸವನ್ನು ದೂರವಿಡಲೆಂದೇ ಯಂತ್ರಗಳಲ್ಲಿ 'ಡಿಸ್‌ಕ್ರಿಮಿನೇಷನ್' ಎಂಬ ವ್ಯವಸ್ಥೆ ಇದೆ. ಬೇಡದ ಲೋಹ ಎದುರಾದಾಗ ಯಂತ್ರ ಸದ್ದು ಮಾಡದಂತೆ ತಡೆಯುವುದು ಇದರ ಕೆಲಸ. ಆದರೆ ಇದನ್ನು ಅರಿಯದೆ ಬಳಸಿದವರು ಕಸದ ಜೊತೆಗೆ ಉಂಗುರವನ್ನೂ ನೆಲದಲ್ಲೇ ಬಿಟ್ಟು ಬರುವ ಅಪಾಯವಿದೆ.

ಯಂತ್ರ ಅಳೆಯುವುದೇನನ್ನು?

ಯಂತ್ರದ ಕೆಳತುದಿಯ ತಟ್ಟೆಯೊಳಗೆ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಿಸುತ್ತದೆ. ಲೋಹ ಎದುರಾದರೆ ಅದರಲ್ಲಿ ಸುಳಿ ವಿದ್ಯುತ್ ಪ್ರವಾಹ ಹುಟ್ಟಿ, ಅದು ಪ್ರತಿಯಾಗಿ ಕಳುಹಿಸುವ ಕ್ಷೀಣ ಸಂಕೇತವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಕಳುಹಿಸಿದ ಅಲೆಗೂ ಮರಳಿದ ಅಲೆಗೂ ನಡುವೆ ಸೂಕ್ಷ್ಮ ವಿಳಂಬವಿರುತ್ತದೆ. ದಪ್ಪನೆಯ ಬೆಳ್ಳಿ, ತಾಮ್ರದ ನಾಣ್ಯಗಳಲ್ಲಿ ಈ ವಿಳಂಬ ಹೆಚ್ಚು. ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಕಡಿಮೆ. ಕಬ್ಬಿಣ ಕಾಂತೀಯ ಗುಣದಿಂದಾಗಿ ಬೇರೆಯೇ ರೀತಿ ವರ್ತಿಸುತ್ತದೆ. ಈ ವ್ಯತ್ಯಾಸವನ್ನೇ ಯಂತ್ರ ಅಂಕಿಯಾಗಿ ಪರದೆಯ ಮೇಲೆ ತೋರಿಸುತ್ತದೆ.

ಅಂದರೆ ಯಂತ್ರ ಲೋಹದ ಹೆಸರನ್ನು ಹೇಳುವುದಿಲ್ಲ. ವಸ್ತುವಿನ ವಾಹಕತೆ, ಗಾತ್ರ, ದಪ್ಪ, ಆಕಾರ ಎಲ್ಲವೂ ಸೇರಿ ಮೂಡಿಸುವ ಪರಿಣಾಮವನ್ನಷ್ಟೇ ಅಳೆಯುತ್ತದೆ. ಎಲ್ಲ ಗೊಂದಲದ ಮೂಲ ಇಲ್ಲಿದೆ.

ಚಿನ್ನದ ಜಾಗದಲ್ಲೇ ಕಸ

ಅಂಕಿಗಳ ಸಾಲಿನ ತಳದಲ್ಲಿ ಕಬ್ಬಿಣ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ನಂತರ ತಂಪುಪಾನೀಯ ಡಬ್ಬಿ ತೆರೆಯುವ ಅಲ್ಯೂಮಿನಿಯಂ ಕೊಂಡಿ, ತುದಿಯಲ್ಲಿ ತಾಮ್ರ ಮತ್ತು ಬೆಳ್ಳಿಯ ನಾಣ್ಯಗಳು ಬರುತ್ತವೆ. ಬೆಳ್ಳಿ ನಾಣ್ಯ ಹುಡುಕುವವರು ಕೆಳಗಿನದೆಲ್ಲವನ್ನೂ ತಡೆದರೂ ದೊಡ್ಡ ನಷ್ಟವಿಲ್ಲ.

ಚಿನ್ನದ ಕಥೆ ಹಾಗಲ್ಲ. ಶುದ್ಧ ಚಿನ್ನ ಉತ್ತಮ ವಾಹಕವೇ ಆದರೂ ಆಭರಣಕ್ಕಾಗಿ ಬೇರೆ ಲೋಹ ಬೆರೆಸಿದಾಗ ವಾಹಕತೆ ಕುಸಿಯುತ್ತದೆ. ಪರಿಣಾಮವಾಗಿ ಸಣ್ಣ ಉಂಗುರ ಹಾಳೆಯ ಅಂಕಿಯಲ್ಲೂ, ಮಧ್ಯಮ ಗಾತ್ರದ್ದು ಡಬ್ಬಿ ಕೊಂಡಿಯ ಅಂಕಿಯಲ್ಲೂ ಬಂದು ನಿಲ್ಲುತ್ತದೆ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಇರುವ ಅಮೆರಿಕದ ಐದು ಸೆಂಟ್ ನಾಣ್ಯವೂ ಇದೇ ಆಸುಪಾಸಿನಲ್ಲಿರುತ್ತದೆ. ಕೊಂಡಿಗಳ ಕಾಟ ತಾಳದೆ ಆ ಅಂಕಿಗಳನ್ನು ತಡೆದವರು ಈ ನಾಣ್ಯ ಮತ್ತು ಉಂಗುರ ಎರಡನ್ನೂ ಕಳೆದುಕೊಳ್ಳಬಹುದು. ತೆಳು ಸರದ ಪಾಡು ಇನ್ನೂ ಕಷ್ಟ. ಯಂತ್ರಕ್ಕೆ ಅದು ಸರವಾಗಿ ಕಾಣದೆ ಬಿಡಿಬಿಡಿ ಪುಟ್ಟ ಕೊಂಡಿಗಳಂತೆ ಕಾಣುವುದರಿಂದ ಎಷ್ಟೋ ಬಾರಿ ಸದ್ದೇ ಬರುವುದಿಲ್ಲ.

'ಚಿನ್ನವನ್ನು ಮಾತ್ರ ಪತ್ತೆ ಹಚ್ಚುವ ಯಂತ್ರ' ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ನಂಬುವಂತಿಲ್ಲ.

ಹೊಂದಿಸುವುದು ಹೇಗೆ?

ಕಳೆದುಹೋದ ಆಭರಣ ಹುಡುಕುವಾಗ ಕಬ್ಬಿಣವನ್ನಷ್ಟೇ ತಡೆದು, ಉಳಿದ ಪ್ರತಿ ಸದ್ದನ್ನೂ ಅಗೆದು ನೋಡುವುದೇ ಸರಿಯಾದ ಕ್ರಮ. ಮರಳಿನಲ್ಲಿ ಅಗೆಯುವುದು ಸುಲಭವಾದ ಕಾರಣ ಕಡಲತೀರಕ್ಕೆ ಇದು ಹೆಚ್ಚು ಸೂಕ್ತ. ಕಸ ತುಂಬಿದ ಉದ್ಯಾನದಲ್ಲಿ ನಾಣ್ಯವಷ್ಟೇ ಗುರಿಯಾದರೆ ತಡೆಯ ಮಿತಿಯನ್ನು ಏರಿಸಬಹುದು. ಕೆಲವು ಯಂತ್ರಗಳಲ್ಲಿರುವ 'ನಾಚ್' ಸೌಲಭ್ಯ ನಡುವಿನ ಕೆಲವೇ ಅಂಕಿಗಳನ್ನು ತಡೆಯುತ್ತದೆ.

ಕಬ್ಬಿಣವನ್ನು ತಡೆದಾಗಲೂ ಎಚ್ಚರ ಬೇಕು. ನಾಣ್ಯದ ಪಕ್ಕದಲ್ಲೇ ಮೊಳೆಯಿದ್ದರೆ ಮೊಳೆಯ ಸಂಕೇತ ನಾಣ್ಯವನ್ನು ಮರೆಮಾಡಬಹುದು. ಚಿಕ್ಕ ಸುರುಳಿ ಬಳಸಿ, ಬೇರೆ ಬೇರೆ ದಿಕ್ಕಿನಿಂದ ನಿಧಾನವಾಗಿ ಆಡಿಸಿದರೆ ಎರಡನ್ನೂ ಬೇರ್ಪಡಿಸುವ ಸಾಧ್ಯತೆ ಹೆಚ್ಚು. ವಸ್ತು ಆಳದಲ್ಲಿದ್ದಷ್ಟೂ ಪರದೆಯ ಅಂಕಿಯ ಮೇಲಿನ ಭರವಸೆ ಕಡಿಮೆಯಾಗುತ್ತದೆ ಎಂಬುದೂ ಗಮನಾರ್ಹ.

ನಮ್ಮ ನಾಣ್ಯಗಳಿಗೆ ಇನ್ನೊಂದು ತೊಡಕಿದೆ. ಈಗಿನ ಒಂದು ಮತ್ತು ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಕಬ್ಬಿಣ ಬೇಡವೆಂದು ಹೊಂದಿಸಿದ ಯಂತ್ರ ಇವುಗಳನ್ನೂ ಕಸವೆಂದೇ ಪರಿಗಣಿಸಬಹುದು.

ಕಾನೂನಿನ ಎಚ್ಚರಿಕೆ

ಕಳೆದುಹೋದ ಉಂಗುರ ಹುಡುಕುವುದು ಬೇರೆ, ನಿಧಿಯಾಸೆಯಿಂದ ನೆಲ ಅಗೆಯುವುದು ಬೇರೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನಿರ್ಬಂಧಿಸುತ್ತದೆ. ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮವಂತೂ 1878ರ ಭಾರತೀಯ ನಿಧಿ ಕಾಯ್ದೆಯಷ್ಟು ಹಳೆಯದು.

ಹಾಕ್ಸನ್‌ನ ಲಾಸ್ ಇದಕ್ಕೆ ಮಾದರಿ. ನಿಧಿಯ ಸುಳಿವು ಸಿಕ್ಕ ಮೇಲೆ ಅವರು ಎಲ್ಲವನ್ನೂ ತಾವೇ ಅಗೆದು ತೆಗೆಯದೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಹಾಗಾಗಿ ಯಾವ ವಸ್ತು ಎಲ್ಲಿ, ಹೇಗೆ ಇಡಲಾಗಿತ್ತು ಎಂಬುದನ್ನು ಪುರಾತತ್ವಜ್ಞರು ದಾಖಲಿಸಲು ಸಾಧ್ಯವಾಯಿತು. ಯಂತ್ರ ಸದ್ದನ್ನಷ್ಟೇ ಮಾಡಬಲ್ಲದು. ಯಾವುದನ್ನು ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಚನೆ ಹಿಡಿದವರದೇ.