ಸೆಕೆಂಡಿಗೆ ನೂರು ಚಂದ್ರ

ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯಕ್ಕೆ ಮೋಡದ ಭಯವಿಲ್ಲ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಅಲ್ಲಿ ಕಟ್ಟಿದ ಸಾವಿರ ಡೈಪೋಲ್‌ಗಳ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಆಲಿಸಿತು. ಎಂಟೂವರೆ ಮೀಟರಿಗೂ ಉದ್ದದ ಆ ಅಲೆಗಳಿಗೆ ನೆಲದ ಮೇಲಿನ ಗಾಳಿಯ ಕಲಕಾಟ ಲೆಕ್ಕಕ್ಕಿಲ್ಲ. ಅದೇ ಬಯಲಲ್ಲಿ ಎಂಟಿಂಚಿನ ದೂರದರ್ಶಕ ಇಟ್ಟು ಚಂದ್ರನ ಕುಳಿಗಳನ್ನು ಸೆರೆಹಿಡಿಯಬೇಕೆಂದರೆ ಮಾತ್ರ ಗಾಳಿಯೇ ದೊಡ್ಡ ತೊಡಕು.

ಚಿಂತಾಮಣಿ, ಚಿಕ್ಕಬಳ್ಳಾಪುರದ ಬಂಡೆಗಳು ಹಗಲೆಲ್ಲ ಹೀರಿದ ಬಿಸಿಯನ್ನು ಇರುಳಲ್ಲಿ ಕಕ್ಕುತ್ತವೆ. ಆಗ ಕುಳಿಯ ಅಂಚು ಹರಿವ ನೀರಿನಡಿಯ ಬೆಣಚುಕಲ್ಲಿನಂತೆ ತುಯ್ಯುತ್ತದೆ. ಶಿಡ್ಲಘಟ್ಟದವರಾದರೆ ಕಾದ ಸಿಮೆಂಟ್ ತಾರಸಿ ಬಿಟ್ಟು ಹಿಪ್ಪುನೇರಳೆ ತೋಟದ ಬದು ಹಿಡಿಯುವುದು ಲೇಸು.

ಮಿಕ್ಕ ಕೆಲಸ ಕ್ಯಾಮೆರಾದ್ದು. ಐದಾರು ಮಿಲಿಸೆಕೆಂಡಷ್ಟೇ ಶಟರ್ ತೆರೆದರೆ ತುಯ್ದಾಟ ಆ ಚೌಕಟ್ಟಿನಲ್ಲಿ ಬಹುಮಟ್ಟಿಗೆ ನಿಂತುಬಿಡುತ್ತದೆ. ನಿಂತ ಚಿತ್ರ ವಕ್ರವಾಗಿಯೂ ಇರಬಹುದು. ಅದಕ್ಕೇ ಸಾವಿರಾರು ತೆಗೆದು ಒಳ್ಳೆಯವನ್ನಷ್ಟೇ ಉಳಿಸಿಕೊಳ್ಳುವುದು. ಈ ಅದೃಷ್ಟವನ್ನು 1978ರಲ್ಲಿ ಭೌತವಿಜ್ಞಾನಿ ಡೇವಿಡ್ ಫ್ರೀಡ್ ಲೆಕ್ಕಹಾಕಿದರು. ಗಾಳಿಯ ಸಮಚಿತ್ತದ ತುಣುಕು 4 ಸೆಂಟಿಮೀಟರ್ ಅಗಲವಿದ್ದರೆ, 20 ಸೆಂಟಿಮೀಟರ್ ದರ್ಪಣಕ್ಕೆ ನೂರರಲ್ಲಿ ಸುಮಾರು ಒಂಬತ್ತು ಚಿತ್ರ ಚೊಕ್ಕವಾಗಿ ಸಿಗುತ್ತವೆ. ದರ್ಪಣವನ್ನು 40ಕ್ಕೆ ಏರಿಸಿ ನೋಡಿ: ಹತ್ತು ಲಕ್ಷಕ್ಕೆ ಒಂದು! ದುಬಾರಿ ದರ್ಪಣ ಕೊಳ್ಳುವ ಮೊದಲು ಓದಬೇಕಾದ ಲೆಕ್ಕವಿದು.

ಹಾಗಾಗಿ ಸೆಟ್ಟಿಂಗ್ ಎಂದರೆ ವೇಗಕ್ಕಾಗಿ ಏನನ್ನು ತ್ಯಜಿಸುವುದು ಎಂಬ ಚೌಕಾಸಿ. ಗೇನ್ ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ, ಆದರೆ 400 ಚೌಕಟ್ಟು ಪೇರಿಸಿದರೆ ಆ ಗದ್ದಲ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಪೇರಿಕೆಯಲ್ಲಿ ನಡುವಣ ಛಾಯೆಗಳೂ ಮರಳಿ ಮೂಡುವುದರಿಂದ 8 ಬಿಟ್ ಸಾಕು. 16 ಬಿಟ್ ಆಯ್ದರೆ ಕಡತ ಇಮ್ಮಡಿ, ವೇಗ ಕಡಿಮೆ. ಹಿಸ್ಟೋಗ್ರಾಮ್ ಮುಕ್ಕಾಲು ಭಾಗ ತುಂಬಿದರೆ ಆಯಿತು, ಹೊಳೆವ ಅಂಚುಗಳು ಸುಟ್ಟುಹೋದರೆ ಯಾವ ಪೇರಿಕೆಯೂ ಅವನ್ನು ಮರಳಿಸದು. ದೂರದರ್ಶಕದ ಎಫ್ ಸಂಖ್ಯೆ ಪಿಕ್ಸೆಲ್‌ನ ಮೈಕ್ರಾನ್ ಅಳತೆಯ ಐದು ಪಟ್ಟಿಗೆ ಹತ್ತಿರವಿರಲಿ: 2.9 ಮೈಕ್ರಾನ್‌ಗೆ ಸುಮಾರು 15. ಕಪ್ಪು-ಬಿಳುಪು ಕ್ಯಾಮೆರಾ ಇದ್ದವರು ಕೆಂಪು ಫಿಲ್ಟರ್ ಹಾಕಬಹುದು, ಕೆಂಬೆಳಕು ಕಡಿಮೆ ಕದಡುತ್ತದೆ.

ಲ್ಯಾಪ್‌ಟಾಪೂ ತಾಳಬೇಕಲ್ಲ. 1936×1096 ಪಿಕ್ಸೆಲ್, 8 ಬಿಟ್, ಸೆಕೆಂಡಿಗೆ ನೂರು ಚಿತ್ರವೆಂದರೆ 212 ಮೆಗಾಬೈಟ್. ಎರಡು ನಿಮಿಷಕ್ಕೆ 25 ಗಿಗಾಬೈಟ್. ಯುಎಸ್‌ಬಿ 3 ಮತ್ತು ಎಸ್‌ಎಸ್‌ಡಿ ಇಲ್ಲದಿದ್ದರೆ ಚೌಕಟ್ಟುಗಳು ದಾರಿಯಲ್ಲೇ ಉದುರುತ್ತವೆ. ಆಗ ಒಂದೇ ಕುಳಿಯ ಸುತ್ತ ಚೌಕಟ್ಟು ಕಿರಿದುಗೊಳಿಸುವುದು ಸುಲಭದ ಪರಿಹಾರ.

ಚಿಕ್ಕಬಳ್ಳಾಪುರ ಜಿಲ್ಲೆಗೊಂದು ಪುಕ್ಕಟೆ ಲಾಭವಿದೆ. ಚಿಕ್ಕಬಳ್ಳಾಪುರದ ಅಕ್ಷಾಂಶ 13.4 ಡಿಗ್ರಿ. ಇಲ್ಲಿ ಚಂದ್ರ ದಕ್ಷಿಣೋತ್ತರ ರೇಖೆ ದಾಟುವಾಗ ಎಷ್ಟೇ ಕೆಳಗಿದ್ದರೂ ದಿಗಂತದಿಂದ 48 ಡಿಗ್ರಿ ಮೇಲಿರುತ್ತಾನೆ. ಲಂಡನ್‌ನಲ್ಲಿ ಕೆಲವು ವರ್ಷ ಹತ್ತು ಡಿಗ್ರಿಗೆ ಇಳಿಯುವುದುಂಟು. ನೆತ್ತಿಗೆ ಹತ್ತಿರವಾದಷ್ಟೂ ದಾಟಬೇಕಾದ ಗಾಳಿ ಕಡಿಮೆ.

ಎಂದಮೇಲೆ ಗಂಟೆಗಟ್ಟಲೆ ಚಿತ್ರೀಕರಿಸಬಹುದೇ? ಬೇಡ. ಚಂದ್ರನ ಸಮಭಾಜಕದಲ್ಲಿ ಬೆಳಗಿನ ಗಡಿರೇಖೆ ಗಂಟೆಗೆ ಸುಮಾರು 15 ಕಿಲೋಮೀಟರ್ ಸರಿಯುತ್ತದೆ. ಎಂಟಿಂಚಿನ ದೂರದರ್ಶಕ ಅಲ್ಲಿ ಗುರುತಿಸಬಲ್ಲದ್ದು ಸುಮಾರು ಒಂದು ಕಿಲೋಮೀಟರ್ ವಿವರವನ್ನು. ನಾಲ್ಕು ನಿಮಿಷ ದಾಟಿದರೆ ನೆರಳೇ ಜಾಗ ಬದಲಿಸಿರುತ್ತದೆ. ಅನುಭವಿಗಳು ಎರಡು-ಮೂರು ನಿಮಿಷಕ್ಕೇ ನಿಲ್ಲಿಸಿ ಹೊಸ ಕಡತ ತೆರೆಯುತ್ತಾರೆ.