ಬೆಂಡಿನ ಗುಂಡುಗಳ ಬಚ್ಚಿಟ್ಟ ಲೆಕ್ಕ

ಹಲಗೇರಿ ಸುತ್ತಿನ ಹೊಲಗಳಲ್ಲಿ ಗೋವಿನಜೋಳದ ತೆನೆ ಮುರಿದ ಮೇಲೆ ಉಳಿಯುವ ದಂಟನ್ನು ಸಿಗಿದರೆ ಒಳಗೆ ಬಿಳಿ ಬೆಂಡು. ಅದನ್ನು ಒಣಗಿಸಿ, ಕಡಲೆಕಾಳಿನಷ್ಟು ದುಂಡಗೆ ಕೆತ್ತಿ, ಬೇಗಡೆ ಸುತ್ತಿ ರೇಷ್ಮೆ ಎಳೆಗೆ ಕಟ್ಟಿದರೆ ವಿದ್ಯುತ್ತಿನ ಪ್ರಯೋಗಕ್ಕೆ ಸಾಮಾನು ಸಿದ್ಧ. 1785ರಲ್ಲಿ ಫ್ರಾನ್ಸಿನ ಕುಲಂಬ್ ಬಳಸಿದ್ದೂ ಬೆಂಡಿನ ಗುಂಡುಗಳನ್ನೇ. ಅವು ಎಲ್ಡರ್ ಗಿಡದವು.

ಒಂದು ಗುಂಡನ್ನು ಅವನು ಕೂದಲೆಳೆಯಂಥ ಬೆಳ್ಳಿ ತಂತಿಗೆ ತೂಗುಬಿಟ್ಟ ಕಡ್ಡಿಯ ತುದಿಗಿಟ್ಟ, ಇನ್ನೊಂದನ್ನು ಅದರ ಪಕ್ಕದಲ್ಲಿ ಕದಲದಂತೆ ನಿಲ್ಲಿಸಿದ. ಆವೇಶ ಕೊಟ್ಟಾಗ ಅವು 36 ಡಿಗ್ರಿ ದೂರ ಸರಿದವು; ಬಲವನ್ನು ಅಳೆಯುವ ತಂತಿಯ ತಿರುಚೂ ಅಷ್ಟೇ. ಅಂತರವನ್ನು 18ಕ್ಕೆ ಇಳಿಸಲು ತಂತಿಯನ್ನು ಒಟ್ಟು 144 ಡಿಗ್ರಿ ತಿರುಚಬೇಕಾಯಿತು. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು!

ದ್ವಿತೀಯ ಪಿಯುಸಿ ಮಕ್ಕಳು ಭೌತವಿಜ್ಞಾನದ ಮೊದಲ ಪಾಠದಲ್ಲೇ ಈ ನಿಯಮವನ್ನು ಕಲಿಯುತ್ತಾರೆ. ಅದರ ಬೆನ್ನಿಗೇ ಬರುವ ಒಂದು ಬಗೆಯ ಲೆಕ್ಕ ನನಗೆ ಬಲು ಇಷ್ಟ. ಒಂದೇ ಗಾತ್ರದ ಎರಡು ಲೋಹದ ಗೋಲಗಳು ಒಂದು ಮೀಟರ್ ದೂರದಲ್ಲಿ 0.144 ನ್ಯೂಟನ್ ಬಲದಿಂದ ಆಕರ್ಷಿಸುತ್ತವೆ. ಒಮ್ಮೆ ಮುಟ್ಟಿಸಿ ಅಷ್ಟೇ ದೂರಕ್ಕೆ ಸರಿಸಿದರೆ 0.081 ನ್ಯೂಟನ್ ಬಲದಿಂದ ವಿಕರ್ಷಿಸುತ್ತವೆ. ಮೊದಲು ಯಾವುದರಲ್ಲಿ ಎಷ್ಟು ಆವೇಶವಿತ್ತು?

ಒಂದೇ ಅಳತೆಯಿಂದ ಇದು ಬಿಡಿಸಲಾಗದ ಗಂಟು. ಮೊದಲ ಬಲ ಹೇಳುವುದು ಎರಡು ಆವೇಶಗಳ ಗುಣಲಬ್ಧವನ್ನು ಮಾತ್ರ: ಮೈಕ್ರೋಕುಲಂಬ್ ಲೆಕ್ಕದಲ್ಲಿ 16, ಆಕರ್ಷಣೆಯಾದ್ದರಿಂದ −16. ಹದಿನಾರು ಮತ್ತು ಒಂದೋ, ನಾಲ್ಕು ಮತ್ತು ನಾಲ್ಕೋ ಗೊತ್ತಾಗದು. ಮುಟ್ಟಿಸಿದಾಗ ಗುಟ್ಟು ಹೊರಬೀಳುತ್ತದೆ. ಆವೇಶ ಎಲ್ಲಿಗೂ ಹೋಗದು, ಇದ್ದದ್ದು ಸಮಪಾಲಾಗುತ್ತದೆ. ಎರಡನೆಯ ಬಲದಿಂದ ಸಿಗುವುದು 9, ಅಂದರೆ ತಲಾ 3, ಒಟ್ಟು 6. ಕೂಡಿದರೆ 6, ಗುಣಿಸಿದರೆ −16 ಆಗುವ ಜೋಡಿ 8 ಮತ್ತು −2. ಗೋಲಗಳ ಗಾತ್ರ ಬೇರೆಯಾಗಿದ್ದರೆ ದೊಡ್ಡದಕ್ಕೆ ಹೆಚ್ಚು ಪಾಲು ಹೋಗಿ ಈ ದಾರಿ ಮುಚ್ಚುತ್ತಿತ್ತು. ‘ಒಂದೇ ಗಾತ್ರದ’ ಎಂಬ ಎರಡು ಪದಗಳ ಮೇಲೆ ಇಡೀ ಲೆಕ್ಕ ನಿಂತಿದೆ. ಮಕ್ಕಳು ಓದುವಾಗ ಹಾರಿಸುವುದು ಅವನ್ನೇ.

ಪುಸ್ತಕದ ಅಂಕಿಗಳು ಮಾತ್ರ ದೊಡ್ಡವು. 8 ಮೈಕ್ರೋಕುಲಂಬನ್ನು ಗಾಳಿಯಲ್ಲಿ ಕಿಡಿ ಹಾರದಂತೆ ಹಿಡಿದಿಡಲು ಫುಟ್‌ಬಾಲಿಗಿಂತ ದೊಡ್ಡ ಗೋಲ ಬೇಕು. ನಮ್ಮ ಕಡಲೆಗಾತ್ರದ ಬೆಂಡಿಗೆ ದಕ್ಕುವುದು ಅದರ ಸಾವಿರದೊಂದು ಪಾಲಿಗಿಂತಲೂ ಕಡಿಮೆ. ಗಾಳಿಯ ತೇವ ಅದನ್ನೂ ಸೋರಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಗರಿಗರಿಯಾಗಿ ಒಣಗುವ ದಿನಗಳೇ ಈ ಪ್ರಯೋಗಕ್ಕೆ ಹದ.

ಇನ್ನೂ ಒಂದು ತೊಡಕಿದೆ. −8 ಮತ್ತು 2 ಎಂದರೂ ಬಲಗಳು ಅವೇ ಬರುತ್ತವೆ. ಆ ಎರಡೇ ಗೋಲಗಳನ್ನು ಎಷ್ಟು ಅಳೆದರೂ ಧನ ಯಾವುದು, ಋಣ ಯಾವುದು ತಿಳಿಯದು. ಮೂರನೆಯದೊಂದು ಸಾಕ್ಷಿಗೆ ಬರಬೇಕು. ಒಣ ತಲೆಗೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಋಣಾವೇಶವಿರುತ್ತದೆ. ಮುಟ್ಟಿಸಿ ಬೇರ್ಪಡಿಸಿದ ಗೋಲಗಳತ್ತ ಅದನ್ನು ದೂರದಿಂದ ಮೆಲ್ಲಗೆ ತನ್ನಿ. ಅವು ಹಿಂದೆ ಸರಿದರೆ −8 ಮತ್ತು 2. ಬಾಚಣಿಗೆಯತ್ತ ವಾಲಿದರೆ 8 ಮತ್ತು −2.