ಆಪರೇಶನ್ ಆದ ಮೇಲೆಯೇ ಕಿವಿಯ ಕೆಲಸ ಶುರು

ಮಗು ಹುಟ್ಟಿದ ಕೂಡಲೇ ಬಲಗಿವಿಯಲ್ಲಿ ಬಾಂಗ್ ಹೇಳುತ್ತೇವೆ. ಆದರೆ ಆ ಕಿವಿಗೆ ಕೇಳಿಸುತ್ತದೆಯೇ ಅಂತ ಪರೀಕ್ಷೆ ಮಾಡಿಸುವವರು ನಮ್ಮಲ್ಲಿ ಎಷ್ಟು ಮಂದಿ? ಕಿವಿಯ ನೆನಪು ಬರುವುದು ಎರಡು ವರ್ಷ ಕಳೆದರೂ ಮಗು ಮಾತಾಡದಿದ್ದಾಗ. ಆಗಲೂ ‘ಇವನ ತಂದೆ ಮಾತು ಕಲಿತದ್ದೂ ತಡವಾಗಿಯೇ’ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಹಾಗೆ ಇನ್ನೊಂದು ವರ್ಷ ಹೋಗುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ವಿಷಯದಲ್ಲಿ ದುಡ್ಡಿಗಿಂತ ದುಬಾರಿ ಈ ವರ್ಷಗಳೇ.

ಏನಿದು ಯಂತ್ರ?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ, ಅದೇ ಕಾಕ್ಲಿಯ. ಅದರೊಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ಶಬ್ದವನ್ನು ವಿದ್ಯುತ್ ಸಂಕೇತವಾಗಿ ಮಾಡಿ ನರಕ್ಕೆ ಕೊಡುತ್ತವೆ. ಸಾಮಾನ್ಯ ಹಿಯರಿಂಗ್ ಏಡ್ ಶಬ್ದವನ್ನು ಜೋರು ಮಾಡುತ್ತದೆ, ಅಷ್ಟೇ. ಆ ಕೋಶಗಳೇ ಇಲ್ಲದಿದ್ದರೆ ಎಷ್ಟು ಜೋರು ಮಾಡಿದರೂ ಪ್ರಯೋಜನ ಕಡಿಮೆ. ಇಂಪ್ಲಾಂಟ್‌ನಲ್ಲಿ ಕಿವಿಯ ಹಿಂದೆ ಚರ್ಮದಡಿ ಒಂದು ಭಾಗ ಇಟ್ಟು, ಅದರ ತೆಳುವಾದ ತಂತಿಯನ್ನು ಕಾಕ್ಲಿಯದೊಳಗೆ ಸೇರಿಸುತ್ತಾರೆ. ಮೈಕ್, ಬ್ಯಾಟರಿ, ಪ್ರೊಸೆಸರ್ ಹೊರಗಿರುತ್ತವೆ. ಹೊರಗಿನ ಬಿಲ್ಲೆ ಆಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಕೆಟ್ಟ ಕೋಶಗಳನ್ನು ದಾಟಿ ಸಂಕೇತ ನೇರ ನರಕ್ಕೆ ಹೋಗುತ್ತದೆ.

ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ 1978ರಲ್ಲಿ ಹಲವು ಎಲೆಕ್ಟ್ರೋಡ್‌ಗಳ ಇಂಥ ಯಂತ್ರವನ್ನು ಅಳವಡಿಸಿದವರು ಗ್ರೇಮ್ ಕ್ಲಾರ್ಕ್. ಅವರ ತಂದೆಗೂ ಕಿವಿ ಮಂದವಿತ್ತು. ಮನೆಯ ಸಂಕಟ ನೋಡಿ ಬೆಳೆದ ಮಗ ಜಗತ್ತಿನ ಮಕ್ಕಳಿಗೆ ದಾರಿ ಮಾಡಿದರು.

ವಯಸ್ಸಿನ ಲೆಕ್ಕ

ಮಾತು ಕಲಿಯುವುದು ಕಿವಿಯಲ್ಲ, ಮೆದುಳು. ಮೊದಲ ಮೂರ್ನಾಲ್ಕು ವರ್ಷ ಅದು ಶಬ್ದಕ್ಕಾಗಿ ಕಾದಿರುತ್ತದೆ. ಶಬ್ದ ಬಾರದಿದ್ದರೆ ಆ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಅದಕ್ಕೇ ತಜ್ಞರು 1-3-6 ಎಂಬ ಲೆಕ್ಕ ಹೇಳುತ್ತಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಮೊದಲ ತಪಾಸಣೆಗೆ ಒಎಇ ಅಂತ ಹೆಸರು. ಮಲಗಿದ ಮಗುವಿನ ಕಿವಿಗೆ ಚಿಕ್ಕ ತುದಿ ಇಟ್ಟು ನೋಡುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಸಂಶಯ ಬಂದರೆ ಬೆರಾ ಎಂಬ ಪರೀಕ್ಷೆ. ಕಡಿಮೆ ತೂಕದ ಮಗು, ಕಾಮಾಲೆ ಜಾಸ್ತಿಯಾದ ಮಗು, ಐಸಿಯುನಲ್ಲಿದ್ದ ಮಗು, ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಗು, ಇವರಿಗಂತೂ ಈ ಪರೀಕ್ಷೆ ತಪ್ಪಿಸಲೇಬಾರದು. ಗರ್ಭದಲ್ಲಿ ರುಬೆಲ್ಲಾ ತಗುಲಿದರೂ ಮಗುವಿನ ಕಿವಿ ಹೋಗಬಹುದು. ಹಾಗಾಗಿ ಹೆಣ್ಣುಮಕ್ಕಳಿಗೆ ಸಣ್ಣವರಿದ್ದಾಗಲೇ ಎಂಆರ್ ಲಸಿಕೆ ಹಾಕಿಸಿ.

ಎಲ್ಲಿ ಹೋಗುವುದು?

ಖಾಸಗಿಯಲ್ಲಿ ಲಕ್ಷಗಳ ಖರ್ಚು ಎಂದು ಕೇಳಿಯೇ ಅನೇಕರು ಕೈಚೆಲ್ಲುತ್ತಾರೆ. ರಾಜ್ಯದಲ್ಲಿ ಆರು ವರ್ಷದೊಳಗಿನ ಬಡ ಮಕ್ಕಳಿಗೆ ‘ಶ್ರವಣ ಸಂಜೀವಿನಿ’ ಇದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ, ಹುಟ್ಟಿನಿಂದ ಕೇಳದ ಐದು ವರ್ಷದೊಳಗಿನ ಮಕ್ಕಳಿಗೆ ಇಂಪ್ಲಾಂಟ್ ಸಿಗುತ್ತದೆ. ಅದನ್ನು ನೋಡಿಕೊಳ್ಳುವುದು ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆ. ಎರಡರಲ್ಲೂ ವಯಸ್ಸಿನ ಮಿತಿ ಇದೆ ಎಂಬುದನ್ನು ಗಮನಿಸಿ. ತಡವಾದರೆ ಯೋಜನೆಯೂ ಕೈತಪ್ಪುತ್ತದೆ.

ನಮ್ಮ ಪಶ್ಚಿಮ ಬೆಂಗಳೂರಿನಿಂದ ದಾರಿ ದೂರವೇನಲ್ಲ. ಇಎಸ್‌ಐ ಕಾರ್ಡ್ ಇರುವವರು ಮೊದಲು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಬೇಕರಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನಮ್ಮವರು ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೂ ಅದರ ಉಪಯೋಗ ಪಡೆಯುವುದಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ಇಎನ್‌ಟಿ ಸಂಸ್ಥೆ ಇದೆ. ರಾಜಾಜಿನಗರದಿಂದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರಾಯ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೆಂಗೇರಿಯಲ್ಲೇ ರೈಲು ಹತ್ತಬಹುದು. ಅಲ್ಲಿ ಪುಟ್ಟ ಮಕ್ಕಳಿಗೆ ಪೂರ್ವಶಾಲೆಯೂ ಉಂಟು, ತಾಯಂದಿರಿಗೂ ಅಲ್ಲೇ ತರಬೇತಿ.

ಮನೆಯೇ ಶಾಲೆ

ಆಪರೇಶನ್ ಮುಗಿದ ದಿನ ಮಗು ‘ಉಮ್ಮಾ’ ಅನ್ನುವುದಿಲ್ಲ. ಗಾಯ ಮಾಗಿ ಕೆಲವು ವಾರವಾದ ಮೇಲೆ ಯಂತ್ರವನ್ನು ಆನ್ ಮಾಡುತ್ತಾರೆ. ಆಗ ಮಗು ಹೆದರಿ ಅಳಲೂಬಹುದು. ಅಲ್ಲಿಂದ ಕಂಪ್ಯೂಟರ್ ಮೂಲಕ ಮತ್ತೆ ಮತ್ತೆ ಶಬ್ದದ ಮಟ್ಟ ಹೊಂದಿಸುವ ಮ್ಯಾಪಿಂಗ್, ಜೊತೆಗೆ ಮಾತಿನ ತರಬೇತಿ. ಇದು ವರ್ಷಗಟ್ಟಲೆಯ ಕೆಲಸ. ವಾರಕ್ಕೆ ಒಂದೆರಡು ಗಂಟೆಯ ಥೆರಪಿಯಷ್ಟೇ ಸಾಲದು. ಮಿಕ್ಕ ಹೊತ್ತೆಲ್ಲ ಮಾತು ಬರಬೇಕಾದದ್ದು ಅಡುಗೆಮನೆಯಿಂದ, ಅಂಗಳದಿಂದ.

ಇಲ್ಲಿ ನಮ್ಮ ಮನೆಗಳಲ್ಲಿ ಒಂದು ಗೊಂದಲ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್. ‘ಮಗುವಿಗೆ ಕಷ್ಟ’ ಅಂತ ತಾಯಿ ತನಗೆ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಾತಾಡತೊಡಗುತ್ತಾರೆ. ಇದು ಬೇಡ. ತಾಯಿಗೆ ಸಲೀಸಾಗಿ ಬರುವ ಭಾಷೆಯೇ ಮಗುವಿಗೆ ಒಳ್ಳೆಯ ಬುನಾದಿ. ಬ್ಯಾರಿಯಲ್ಲೇ ಕರೆಯಿರಿ, ಗದರಿಸಿ, ಕತೆ ಹೇಳಿ. ಮೇಲಿನ ಭಾಷೆಗಳು ಆಮೇಲೆ ಬರುತ್ತವೆ.

ಪಾಠ ಹೇಳುವ ನಮ್ಮ ಪಾಲೂ ಇದೆ. ಮದ್ರಸದಲ್ಲಿ ಕಲಿಕೆ ನಡೆಯುವುದೇ ಕೇಳಿ, ಹೇಳಿ. ಸ, ಶ, ಫ ಅಕ್ಷರಗಳನ್ನು ಸದಾ ತಪ್ಪುವ, ಮುಖ ನೋಡಿದರೆ ಮಾತ್ರ ಉತ್ತರಿಸುವ ಮಗುವನ್ನು ದಡ್ಡ ಅನ್ನುವ ಮುಂಚೆ ಕಿವಿ ಪರೀಕ್ಷೆಗೆ ಕಳಿಸಬೇಕು. ಯಂತ್ರ ಹಾಕಿದ ಮಗುವನ್ನು ಮುಂದೆ ಕೂರಿಸಿ. ಪಾಠ ಶುರುವಾಗುವ ಮುಂಚೆ ಅದರ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಹೇಳಿ. ತಿರುಗಿ ಹೇಳಿದರೆ ಯಂತ್ರ ಸರಿಯಿದೆ. ತಲೆಗೆ, ಕಿವಿಗೆ ಪೆಟ್ಟು ಬೀಳಲೇಬಾರದು. ವುಝೂ ಮಾಡುವಾಗ ಹೊರಭಾಗ ತೆಗೆದಿಟ್ಟರೆ ಆ ಹೊತ್ತು ಮಗುವಿಗೆ ಏನೂ ಕೇಳದು, ಆಗ ಕೂಗಿ ಬೈಯಬೇಡಿ.

ತಲೆಸುತ್ತಿನವರಿಗೆ ಒಂದು ಮಾತು. ಸಮತೋಲನದ ಅಂಗವೂ ಒಳಗಿವಿಯಲ್ಲೇ ಇದೆ. ಅದಕ್ಕೂ ಇಂಪ್ಲಾಂಟ್ ಮಾಡುವ ಪ್ರಯತ್ನ ಅಮೆರಿಕ, ಯುರೋಪಿನಲ್ಲಿ ಪ್ರಯೋಗದ ಹಂತದಲ್ಲಿದೆ. ಸದ್ಯಕ್ಕೆ ಔಷಧ, ವ್ಯಾಯಾಮಗಳೇ ದಾರಿ. ಜಾಹೀರಾತು ನೋಡಿ ದುಡ್ಡು ಕೊಡಬೇಡಿ.

ಕೊನೆಗೆ ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಆಪರೇಶನ್ ಅಂದರೆ ನಾವೆಲ್ಲ ಕೈಬಿಚ್ಚಿ ಕೊಡುತ್ತೇವೆ. ಆದರೆ ಮೂರು ವರ್ಷದ ಮೇಲೆ ಕೇಬಲ್ ತುಂಡಾದಾಗ, ಬ್ಯಾಟರಿ ಮುಗಿದಾಗ, ಥೆರಪಿಗೆ ಹೋಗಲು ತಾಯಿಯ ಕೈಯಲ್ಲಿ ಬಸ್ಸಿನ ಚಾರ್ಜು ಇಲ್ಲದಾಗ ಯಾರೂ ಕೇಳುವುದಿಲ್ಲ. ಯಂತ್ರ ಪೆಟ್ಟಿಗೆ ಸೇರುತ್ತದೆ, ಮಗು ಮತ್ತೆ ಮೌನಕ್ಕೆ. ಒಂದು ಮಗುವಿನ ಹೆಸರಿನಲ್ಲಿ ಐದು ವರ್ಷಕ್ಕೆ ಸಣ್ಣ ನಿಧಿ ಇಡಿ. ದೊಡ್ಡ ಮೊತ್ತ ಬೇಡ, ನಿಲ್ಲದೆ ಬರುವ ಮೊತ್ತ ಸಾಕು.